ಕೇಳದೆ ಬಂದ ಕಾಗದ



1864ರ ಮೇ ತಿಂಗಳು. ಲಂಡನ್ನಿನ ಕೆಲವು ಗಣ್ಯರ ಮನೆಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ತಂತಿ ಬಂತು. ತಂತಿ ಬಂತೆಂದರೆ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗುತ್ತಿದ್ದ ಕಾಲ ಅದು. ಒಡೆದು ನೋಡಿದರೆ ಒಳಗಿದ್ದದ್ದು ಗೇಬ್ರಿಯಲ್ ಎಂಬ ಹಲ್ಲಿನ ಡಾಕ್ಟರುಗಳ ಜಾಹೀರಾತು! ಹಾರ್ಲಿ ಸ್ಟ್ರೀಟಿನಲ್ಲಿ ಎಷ್ಟು ಗಂಟೆಗೆ ಸಿಗುತ್ತೇವೆ ಎಂಬ ವಿವರ. ತಂತಿ ಪಡೆದ ಮಹನೀಯರೊಬ್ಬರು ಸಿಟ್ಟಿಗೆದ್ದು ‘ದಿ ಟೈಮ್ಸ್’ ಪತ್ರಿಕೆಗೆ ಬರೆದರು. ಈ ಡಾಕ್ಟರುಗಳ ಜೊತೆ ನನಗೆ ಯಾವ ವ್ಯವಹಾರವೂ ಇಲ್ಲ, ಜಾಹೀರಾತಿಗಾಗಿ ನನಗೆ ತೊಂದರೆ ಕೊಡಲು ಇವರಿಗೇನು ಹಕ್ಕು ಎಂಬುದು ಅವರ ಪ್ರಶ್ನೆ.

ಇಂದು ನಿಮ್ಮ ಇಮೇಲ್ ಪೆಟ್ಟಿಗೆಯಲ್ಲಿ ಸಾಲದ ಆಮಿಷ, ಸೈಟಿನ ಆಮಿಷ, ಸೀರೆಯ ರಿಯಾಯಿತಿ ಬಂದು ಕೂತಾಗ ನೀವು ಗೊಣಗುವುದೂ ಇದನ್ನೇ. ಅದಕ್ಕೆ ಉತ್ತರ ಹುಡುಕಲು ಬೇರೆ ಬೇರೆ ದೇಶಗಳು ಹಿಡಿದ ದಾರಿಯೇ ಇಂದಿನ ನನ್ನ ಮಾತಿನ ವಿಷಯ. ‘ಮೌನಂ ಸಮ್ಮತಿ ಲಕ್ಷಣಂ’ ಎನ್ನುವುದನ್ನು ನಾವು ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಸಹಕಾರ ಸಂಘದ ವಾರ್ಷಿಕ ಸಭೆಯವರೆಗೆ ಧಾರಾಳವಾಗಿ ಬಳಸುತ್ತ ಬಂದವರು. ಇಮೇಲ್ ಕಾನೂನಿನ ಜಗಳವೂ ಇದೇ: ಸುಮ್ಮನಿದ್ದವನು ಒಪ್ಪಿದನೇ, ಇಲ್ಲವೇ?

ಈಗ 1978ರ ಮೇ 3ಕ್ಕೆ ಬರೋಣ. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೆಯುತ್ತಿತ್ತು. ಅದನ್ನು ಬಳಸುವವರ ವಿಳಾಸಗಳನ್ನೆಲ್ಲ ಅಚ್ಚು ಹಾಕಿಸಿದ ಒಂದು ಡೈರೆಕ್ಟರಿಯೂ ಇತ್ತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್‌ಗೆ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಹೊಸ ಯಂತ್ರದ ಪ್ರದರ್ಶನಕ್ಕೆ ಜನ ಸೇರಿಸಬೇಕಿತ್ತು. ಒಬ್ಬೊಬ್ಬರಿಗೂ ಪತ್ರ ಬರೆಯುತ್ತ ಕೂರುವುದೇಕೆ ಎಂದು ಡೈರೆಕ್ಟರಿಯಿಂದ ಸುಮಾರು 400 ವಿಳಾಸ ಆರಿಸಿಕೊಂಡರು. ಸಹೋದ್ಯೋಗಿಯೊಬ್ಬರು ಅವನ್ನೆಲ್ಲ ಟೈಪ್ ಮಾಡಿದರು. ಆ ಕಾಲದ ಮೇಲ್ ತಂತ್ರಾಂಶಕ್ಕೆ ಅಷ್ಟು ವಿಳಾಸ ಹಿಡಿಯುವ ತಾಕತ್ತಿರಲಿಲ್ಲ; ಮಿಕ್ಕಿದವು ಪತ್ರದ ಒಡಲೊಳಕ್ಕೇ ಬಂದು ಬಿದ್ದವು. ಹಾಗಾಗಿ ಪತ್ರ ತೆರೆದವರು ಆಹ್ವಾನ ಓದುವ ಮೊದಲು ಉದ್ದನೆಯ ವಿಳಾಸಗಳ ಪಟ್ಟಿಯನ್ನು ದಾಟಬೇಕಾಯಿತು.

ಈ ಜಾಲ ಇರುವುದು ಸರ್ಕಾರಿ ಕೆಲಸಕ್ಕೆ ಮಾತ್ರ ಎಂದು ಅರ್ಪಾನೆಟ್ ನೋಡಿಕೊಳ್ಳುತ್ತಿದ್ದ ಅಧಿಕಾರಿಗಳು ಖಡಕ್ಕಾಗಿ ಹೇಳಿದರು. ಆದರೆ ಆ ಒಂದು ಪತ್ರದಿಂದ ಒಂದು ಕೋಟಿ ಡಾಲರಿಗೂ ಮೀರಿದ ಮಾರಾಟವಾಯಿತು ಎಂದು ಥರ್ಕ್ ಮುಂದೆ ಹೇಳಿಕೊಂಡರು. ರೋಗದ ಮೂಲ ಇಲ್ಲೇ ಇದೆ. ಬೈಗುಳ ತಿಂದರೂ ಲಾಭ ಬರುತ್ತದೆ ಎಂದಾದರೆ ವ್ಯಾಪಾರಿ ಬೈಗುಳಕ್ಕೆ ಹೆದರುವುದಿಲ್ಲ.

ಅಂಚೆಯ ಜಾಹೀರಾತಿಗೂ ಇಮೇಲಿಗೂ ಒಂದು ವ್ಯತ್ಯಾಸವುಂಟು. ಅಂಚೆಯಲ್ಲಿ ಕಳಿಸುವವನು ಸ್ಟಾಂಪು ಹಚ್ಚಬೇಕು, ಆದ್ದರಿಂದ ಯೋಚಿಸಿ ಕಳಿಸುತ್ತಾನೆ. ಅಷ್ಟಾದರೂ ಅಮೆರಿಕದ ಸುಪ್ರೀಂ ಕೋರ್ಟು 1970ರಲ್ಲೇ, ಬೇಡ ಎಂದ ಮನೆಯ ಅಂಚೆ ಡಬ್ಬಿಯ ಮುಂದೆ ಜಾಹೀರಾತುದಾರನ ಹಕ್ಕು ನಿಲ್ಲುತ್ತದೆ ಎಂದು ತೀರ್ಪಿತ್ತಿತ್ತು. ಆಮೇಲೆ ಫ್ಯಾಕ್ಸ್ ಬಂತು. ಜಾಹೀರಾತು ಅವನದು, ಕಾಗದ ಮತ್ತು ಇಂಕು ನಿಮ್ಮದು. 1991ರಲ್ಲಿ ಅಲ್ಲಿನ ಸಂಸತ್ತು ಕೇಳದೆ ಕಳಿಸುವ ಫ್ಯಾಕ್ಸ್ ಜಾಹೀರಾತನ್ನು ನಿಷೇಧಿಸಿತು. ಇಮೇಲಿನಲ್ಲಿ ಹತ್ತು ಜನರಿಗೆ ಕಳಿಸಿದರೂ ಹತ್ತು ಲಕ್ಷ ಜನರಿಗೆ ಕಳಿಸಿದರೂ ಖರ್ಚು ಹೆಚ್ಚುಕಡಿಮೆ ಒಂದೇ. ಅಳಿಸುತ್ತ ಕೂರುವ ಹೊತ್ತು ಮಾತ್ರ ಪಡೆದವರದು.

1994ರ ಏಪ್ರಿಲಿನಲ್ಲಿ ಅರಿಜೋನಾದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ಟಿನ ಸಾವಿರಾರು ಚರ್ಚಾಗುಂಪುಗಳಿಗೆ ಸುರಿದರು. ಜನ ರೊಚ್ಚಿಗೆದ್ದರು, ದಂಪತಿ ಪಶ್ಚಾತ್ತಾಪಪಡಲಿಲ್ಲ. ಬದಲಿಗೆ ಇಂಟರ್ನೆಟ್ಟಿನಲ್ಲಿ ದುಡ್ಡು ಮಾಡುವುದು ಹೇಗೆಂದು ಪುಸ್ತಕ ಬರೆದರು. ಸಂಕೋಚ ಅಲ್ಲಿಗೆ ಮುಗಿಯಿತು.

ಕಾನೂನು ಬರಲು ಇನ್ನೂ ಸುಮಾರು ಒಂದು ದಶಕ ಬೇಕಾಯಿತು. ಬಂದಾಗ ಅಟ್ಲಾಂಟಿಕ್ ಸಾಗರದ ಎರಡು ದಡಗಳು ಎರಡು ದಾರಿ ಹಿಡಿದವು. ಐರೋಪ್ಯ ಒಕ್ಕೂಟ 2002ರ ನಿರ್ದೇಶನದಲ್ಲಿ ಮೊದಲು ಒಪ್ಪಿಗೆ, ಆಮೇಲೆ ಜಾಹೀರಾತು ಎಂದಿತು. ಒಂದು ಸಡಿಲಿಕೆ ಮಾತ್ರ ಇಟ್ಟಿತು: ನಿಮ್ಮಲ್ಲಿ ಈಗಾಗಲೇ ಖರೀದಿ ಮಾಡಿದ ಗಿರಾಕಿಗೆ ಅಂಥದೇ ಸರಕಿನ ಬಗ್ಗೆ ಬರೆಯಬಹುದು, ಆದರೆ ಬೇಡ ಎನ್ನುವ ಅವಕಾಶವನ್ನು ಪ್ರತಿ ಪತ್ರದಲ್ಲೂ ಕೊಡಬೇಕು. ಅಮೆರಿಕದಲ್ಲಿ 2003ರ ಡಿಸೆಂಬರ್ 16ರಂದು ಜಾರ್ಜ್ ಬುಷ್ ಸಹಿ ಹಾಕಿದ ‘ಕ್ಯಾನ್-ಸ್ಪ್ಯಾಮ್’ ಕಾಯ್ದೆ ಒಪ್ಪಿಗೆಯನ್ನು ಕೇಳಲೇ ಇಲ್ಲ. ಕಳಿಸಿದವರು ಯಾರೆಂದು ಸುಳ್ಳು ಹೇಳಬಾರದು, ವಿಷಯದ ಸಾಲಿನಲ್ಲಿ ಮೋಸ ಇರಬಾರದು, ಅಂಚೆ ವಿಳಾಸ ಇರಬೇಕು, ಬೇಡ ಎಂದವರಿಗೆ 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಇಷ್ಟು ಪಾಲಿಸಿದರೆ ಅಪರಿಚಿತನಿಗೂ ಕಳಿಸಬಹುದು. ಹೆಸರನ್ನು ತಿರುಚಿ ‘ಯೂ ಕ್ಯಾನ್ ಸ್ಪ್ಯಾಮ್’, ಅಂದರೆ ಕೇಳದ ಮೇಲನ್ನು ನೀವು ಕಳಿಸಬಹುದು, ಎಂದು ವಿರೋಧಿಗಳು ಲೇವಡಿ ಮಾಡಿದ್ದು ಸುಮ್ಮನೆ ಅಲ್ಲ. ಪ್ರತಿಯೊಬ್ಬ ವ್ಯಾಪಾರಿಗೂ ಒಮ್ಮೆ ಬಾಗಿಲು ತಟ್ಟಲು ಬಿಟ್ಟರೆ, ತಟ್ಟಿದವರಿಗೆಲ್ಲ ಬೇಡ ಎನ್ನುವುದೇ ಮನೆಯವರ ಕೆಲಸವಾಗುತ್ತದೆ.

ಬೇಡ ಎಂದವರ ಹೆಸರನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದಿಟ್ಟರಾಯಿತಲ್ಲ ಎಂದು ನಿಮಗೆ ಅನಿಸಬಹುದು. ಫೋನ್ ಕರೆಗಳಿಗೆ ಅಮೆರಿಕದಲ್ಲಿ ಹಾಗೆ ಮಾಡಿದ್ದರು ಕೂಡ. ಇಮೇಲಿಗೂ ಅಂಥದೊಂದು ಪಟ್ಟಿ ಸಾಧ್ಯವೇ ಎಂದು ಪರಿಶೀಲಿಸಿದ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2004ರಲ್ಲಿ ಬೇಡವೇ ಬೇಡ ಎಂದಿತು. ಲಕ್ಷಾಂತರ ಚಾಲ್ತಿ ವಿಳಾಸಗಳಿರುವ ಪಟ್ಟಿ ಸ್ಪ್ಯಾಮು ಕಳಿಸುವವರಿಗೆ ಸಿಕ್ಕರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ.

ಯುರೋಪಿನ ವ್ಯಾಪಾರಿಗಳೂ ಕೈಕಟ್ಟಿ ಕೂರಲಿಲ್ಲ. ಒಪ್ಪಿಗೆ ಬೇಕು ತಾನೆ, ಅದನ್ನು ನಾವೇ ಹಾಕಿಬಿಡುತ್ತೇವೆ ಎಂದರು. ಆನ್‌ಲೈನಿನಲ್ಲಿ ಏನಾದರೂ ಕೊಂಡವರಿಗೆ ಈ ಪುಟದ ಪರಿಚಯವಿರುತ್ತದೆ. ಹೆಸರು, ವಿಳಾಸ, ಪಿನ್‌ಕೋಡ್ ತುಂಬಿದ್ದೀರಿ. ದುಡ್ಡು ಕೊಡುವ ಗುಂಡಿ ದೊಡ್ಡದಾಗಿ ಹೊಳೆಯುತ್ತಿದೆ. ಅದರ ಮೇಲೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ನಮ್ಮ ಹಾಗೂ ನಮ್ಮ ಪಾಲುದಾರರ ಕೊಡುಗೆಗಳನ್ನು ಪಡೆಯಲು ಒಪ್ಪಿದ್ದೇನೆ ಎಂಬ ಸಾಲು. ಪಕ್ಕದ ಚೌಕದಲ್ಲಿ ನೀವು ಬರುವ ಮೊದಲೇ ರೈಟ್ ಗುರುತು ಬಿದ್ದಿದೆ. ತೆಗೆಯಲು ನೆನಪಾಗದಿದ್ದರೆ ನೀವು ಒಪ್ಪಿದಿರಿ. ಆ ಪಾಲುದಾರರು ಯಾರು, ಎಷ್ಟು ಜನ ಎಂದು ಯಾರೂ ಹೇಳಿರುವುದಿಲ್ಲ. 2018ರ ಮೇ 25ರಂದು ಜಾರಿಯಾದ, ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನು ಜಿಡಿಪಿಆರ್ ಈ ಚೌಕಕ್ಕೇ ಕೈ ಹಾಕಿತು. ಮೊದಲೇ ಬಿದ್ದ ಗುರುತು, ಮೌನ, ಸುಮ್ಮನಿರುವುದು, ಯಾವುದೂ ಒಪ್ಪಿಗೆಯಲ್ಲ.

ಇದಕ್ಕಿಂತ ಬಿಗಿಯಾದ ಕ್ರಮವೂ ಇದೆ. ನೀವು ವಿಳಾಸ ಕೊಟ್ಟೊಡನೆ ಒಂದೇ ಒಂದು ಮೇಲ್ ಬರುತ್ತದೆ, ಕೊಟ್ಟವರು ನೀವೇ ತಾನೆ ಎಂದು ಕೇಳುತ್ತದೆ. ಕೊಂಡಿ ಒತ್ತಿದರೆ ಮಾತ್ರ ಪಟ್ಟಿಗೆ ಸೇರುತ್ತೀರಿ. ಪಕ್ಕದ ಮನೆಯವರು ಕುಚೋದ್ಯಕ್ಕೆ ನಿಮ್ಮ ವಿಳಾಸ ತುಂಬಿದರೂ ಅದು ಅಲ್ಲಿಗೇ ನಿಲ್ಲುತ್ತದೆ. ನನ್ನನ್ನು ಕೇಳಿದರೆ, ಒಪ್ಪಿಗೆ ಎಂಬ ಹೆಸರಿಗೆ ಯೋಗ್ಯವಾದದ್ದು ಇದೊಂದೇ.

ನಮ್ಮ ದೇಶದ ಕಥೆ ತುಸು ವಿಚಿತ್ರ. ಫೋನ್ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2007ರಿಂದಲೇ ನಿಯಮ ಮಾಡುತ್ತ ಬಂದಿದೆ. 1909ಕ್ಕೆ ಸಂದೇಶ ಕಳಿಸಿ ಡಿಎನ್‌ಡಿ, ಅಂದರೆ ‘ತೊಂದರೆ ಕೊಡಬೇಡಿ’ ಎಂಬ ಗುರುತು, ಹಾಕಿಸಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಇಮೇಲ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಐಟಿ ಕಾಯ್ದೆಯ 66ಎ ಕಲಮಿನ ಮೂರನೆಯ ಉಪವಾಕ್ಯದಲ್ಲಿ, ಕಿರಿಕಿರಿ ಮಾಡಲೆಂದು ಅಥವಾ ಮೂಲ ಮರೆಮಾಚಿ ಕಳಿಸುವ ಇಮೇಲಿನ ಮಾತು ಇತ್ತು. ಆದರೆ ಆ ಕಲಮನ್ನು ಫೇಸ್‌ಬುಕ್ಕಿನಲ್ಲಿ ಬರೆದವರನ್ನು ಹಿಡಿದು ಒಳಗೆ ಹಾಕಲು ಬಳಸಿದರು; 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ಬುಡಸಮೇತ ಕಿತ್ತುಹಾಕಿತು. ಕಿತ್ತದ್ದು ಸರಿಯೇ. ಇಮೇಲಿನ ಮಾತೂ ಅದರ ಜೊತೆಗೇ ಹೋಯಿತು, ಅಷ್ಟೆ.

ಆ ನಡುವೆ ಕೆಲಸ ಮಾಡಿದ್ದು ಕಾನೂನಲ್ಲ, ಮೇಲ್ ಕಂಪನಿಗಳು. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಾವು ಯಾರೆಂದು ತಾಂತ್ರಿಕವಾಗಿ ರುಜುವಾತು ಮಾಡಬೇಕು, ಒಂದೇ ಒತ್ತಿಗೆ ಪಟ್ಟಿಯಿಂದ ಬಿಡುಗಡೆ ಕೊಡಬೇಕು ಎಂದು ಗೂಗಲ್ 2024ರಲ್ಲಿ ಕಡ್ಡಾಯ ಮಾಡಿತು. ಪಡೆದವರಲ್ಲಿ ‘ಇದು ಸ್ಪ್ಯಾಮ್’ ಎಂದು ಒತ್ತುವವರ ಪ್ರಮಾಣ ಶೇಕಡ 0.3 ಮುಟ್ಟಬಾರದು. ಸಾವಿರಕ್ಕೆ ಮೂವರು! ಇಷ್ಟು ಕಟ್ಟುನಿಟ್ಟಿನ ಕಲಮು ಅಮೆರಿಕದ ಕಾಯ್ದೆಯಲ್ಲಿ ನನಗಂತೂ ಕಾಣುವುದಿಲ್ಲ.

ಕರ್ನಾಟಕದ ಪಾಲೂ ಈ ಕಥೆಯಲ್ಲಿದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಪ್ಪಿಗೆ ಸ್ಪಷ್ಟ ಕ್ರಿಯೆಯಿಂದ ಬರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಒಪ್ಪಿಗೆ ಕೇಳುವ ಮಾತನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ನಿಮಗಿರಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಒಪ್ಪಿಗೆಯ ಕಲಮುಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ.

ಆದರೆ ಈ ಕಾಯ್ದೆಯ ಏಳನೆಯ ಕಲಮನ್ನು ಒಮ್ಮೆ ನಿಧಾನವಾಗಿ ಓದಬೇಕು. ನಿರ್ದಿಷ್ಟ ಉದ್ದೇಶಕ್ಕೆ ನೀವಾಗಿಯೇ ಮಾಹಿತಿ ಕೊಟ್ಟು, ಬೇಡ ಎಂದು ಹೇಳದಿದ್ದರೆ, ಆ ಉದ್ದೇಶಕ್ಕೆ ಅದನ್ನು ಬಳಸಬಹುದಂತೆ. ಮೌನಕ್ಕೆ ಅಲ್ಲೊಂದು ಕಿಟಕಿ ತೆರೆದೇ ಇದೆ. ಕಾಯ್ದೆಯೇ ಕೊಡುವ ಉದಾಹರಣೆ ಔಷಧಿ ಅಂಗಡಿಯದು: ಗಿರಾಕಿ ರಸೀದಿ ಕಳಿಸಿ ಎಂದು ತನ್ನ ಮಾಹಿತಿ ಕೊಟ್ಟರೆ ಅಂಗಡಿಯವನು ರಸೀದಿ ಕಳಿಸಬಹುದು. ಮುಂದಿನ ತಿಂಗಳು ವಿಟಮಿನ್ ಮಾತ್ರೆಗೆ ರಿಯಾಯಿತಿ ಇದೆ ಎಂದು ತಿಳಿಸಬೇಕಾದರೆ, ನಾನು ಓದಿದಂತೆ, ಅವನು ಮತ್ತೊಮ್ಮೆ ಬೇರೆಯಾಗಿ ಕೇಳಬೇಕು.