ಹೊಳೆ ಕೊಟ್ಟ ನೀರು, ಹೊಲದಲ್ಲಿ ಉಳಿದ ಉಪ್ಪು
(ತುಬಚಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೃಷ್ಣೆಯ ದಂಡೆಯಲ್ಲೇ ಹುಟ್ಟಿ ಬೆಳೆದ ತಮಗೆ ಹೊಳೆಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಆದರೆ ಅದು ಎಂಥ ಸೀಮೆಯಿಂದ ಎಂಥ ಸೀಮೆಗೆ ಹರಿದು ಬರುತ್ತದೆ ಎಂಬುದನ್ನು ನೋಡಿದರೆ, ನಮ್ಮ ಹೊಲಗಳು ಸವಳು-ಜವಳಾಗುವ ಕಾರಣ ತಿಳಿಯುತ್ತದೆ.

ಮಹಾಬಳೇಶ್ವರದಲ್ಲಿ ಹುಟ್ಟಿ ಬಂಗಾಳ ಉಪಸಾಗರ ಸೇರುವ ಕೃಷ್ಣೆಯ ಉದ್ದ ಸುಮಾರು 1,400 ಕಿ.ಮೀ. ಅದು ಹುಟ್ಟುವಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಕೋಯ್ನಾ, ಪಂಚಗಂಗಾ, ದೂಧಗಂಗಾ ನದಿಗಳೂ ಘಟ್ಟದ ನೀರನ್ನೇ ತಂದು ಕೂಡಿಸುತ್ತವೆ. ಜಮಖಂಡಿ ಸೀಮೆಯ ಮಳೆ ಅದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಘಟ್ಟದಲ್ಲಿ ಮಳೆಯೇ ಮಣ್ಣಿನ ಉಪ್ಪನ್ನು ತೊಳೆದು ಒಯ್ಯುತ್ತದೆ. ಇಲ್ಲಿ ಅಷ್ಟು ಮಳೆಯಿಲ್ಲ. ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಬಿಸಿಲು ನೀರನ್ನು ಹೀರಿ ಉಪ್ಪನ್ನು ಬಿಟ್ಟುಹೋಗುತ್ತದೆ.

ಒಂದು ಲೆಕ್ಕ ನೋಡೋಣ. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು 1 ಲಕ್ಷ ಲೀಟರ್. ಲೀಟರಿಗೆ ಅರ್ಧ ಗ್ರಾಂ ಉಪ್ಪಿದ್ದರೆ 50 ಕಿಲೋ ಆಯಿತು. ಕಬ್ಬಿಗೆ ಮೂರು ಅಂಗುಲದಂತೆ 20 ಸಲ ನೀರು ಹಾಯಿಸಿದರೆ 3,000 ಕಿಲೋ! ಹೊರಹೋಗಲು ದಾರಿಯಿಲ್ಲದಿದ್ದರೆ ಇದು ಹೊಲದಲ್ಲೇ ಉಳಿಯುತ್ತದೆ. ಹೊಳೆಯಿಂದ ನೀರು ತರುವ ದಾರಿ ಮಾಡಿಕೊಂಡೆವು. ಹೊಳೆಗೆ ಮರಳುವ ಹಳ್ಳದ ದಾರಿಯನ್ನು ಒತ್ತಿ ಉತ್ತೆವು. ತಪ್ಪಾದದ್ದು ಅಲ್ಲಿಯೇ.

ಪರಿಹಾರವೇನು? ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಜಿಪ್ಸಂ ಬೇಕಾಗುವುದು ಕ್ಷಾರ ಮಣ್ಣಿಗೆ. ಬರೀ ಉಪ್ಪಿನ ಮಣ್ಣಿಗೆ ಅದನ್ನು ಹಾಕಿ ಹಣ ಕಳೆಯಬೇಡಿರಿ. ಎರಡಕ್ಕೂ ಬಸಿಗಾಲುವೆ ಬೇಕೇ ಬೇಕು. ಹನಿ ನೀರಾವರಿ ಮಾಡಿರಿ. ಆಗದಿದ್ದರೆ ಸಾಲು ಬಿಟ್ಟು ಸಾಲಿಗೆ ನೀರು ಕೊಡಿರಿ. ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಸಿರಿ. ಕಬ್ಬಿನ ನಂತರ ಹಸಿರೆಲೆ ಗೊಬ್ಬರದ ಬೆಳೆ ಹಾಕಿರಿ.

ಆದರೆ ಬಸಿಗಾಲುವೆ ಒಬ್ಬರಿಂದ ಆಗುವ ಕೆಲಸವಲ್ಲ. ಮೇಲಿನ ಹೊಲದ ನೀರು ಕೆಳಗಿನ ಹೊಲ ದಾಟಿಯೇ ಹಳ್ಳ ಸೇರಬೇಕು. ನೆರೆಯವರು ಒಪ್ಪದಿದ್ದರೆ ಇಬ್ಬರ ಭೂಮಿಯೂ ಕೆಡುತ್ತದೆ. ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ನೀರು ನಿಲ್ಲಿಸಲು ಒಂದಾದ ಕೈಗಳು ಹೆಚ್ಚಿನ ನೀರು ಹೊರಗೆ ಬಿಡಲೂ ಒಂದಾಗಬೇಕು.

ಈ ಬೇಸಿಗೆಯಲ್ಲಿ ಬದುವಿನ ಅಕ್ಕಪಕ್ಕದವರು ಕೂಡಿ ಕುಳಿತು, ನಮ್ಮ ನೀರು ಯಾವ ದಾರಿಯಿಂದ ಹಳ್ಳ ಸೇರಬೇಕೆಂದು ಗುರುತು ಹಾಕಿರಿ. ಮಕ್ಕಳಿಗೆ ಬಿಡುವ ಆಸ್ತಿ ಹೊಳೆಯಲ್ಲ, ಈ ಮಣ್ಣು.