ರಸ್ತೆಬದಿಗೆ ಆಲ, ಅತ್ತಿ, ಗೋಣಿ, ಬಸರಿ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದ ಉಪನ್ಯಾಸ)



ಮುಂಗಾರಿಗೆ ಮುನ್ನ ಸಸಿಗಳ ಬೇಡಿಕೆ ಪಟ್ಟಿ ಸಿದ್ಧವಾಗುವಾಗ ಅನೇಕ ಕಡೆ ಬೇಗ ಬೆಳೆಯುವ ಮರಗಳಿಗೇ ಮೊದಲ ಸ್ಥಾನ ದೊರೆಯುತ್ತದೆ. ಆಲ, ಅತ್ತಿ, ಗೋಣಿ, ಬಸರಿಗಳು ಪಟ್ಟಿಯ ಕೊನೆಗೆ ಸರಿಯುತ್ತವೆ, ಇಲ್ಲವೇ ಬಿಟ್ಟೇಹೋಗುತ್ತವೆ.

ಈ ನಾಲ್ಕೂ ಒಂದೇ ಕುಲದ ಮರಗಳು. ಇವುಗಳ ಹೂ ಹೊರಗೆ ಕಾಣುವುದಿಲ್ಲ; ಕಾಯಿಯ ಒಳಗೇ ಅರಳುತ್ತದೆ. ಅಲ್ಲಿಗೆ ಪರಾಗ ತಲುಪಿಸಬಲ್ಲುದು ಗುಂಡುಸೂಜಿಯ ತಲೆಯಷ್ಟಿರುವ ಕಣಜ ಮಾತ್ರ. ಆಲಕ್ಕೆ ಒಂದು ಜಾತಿ, ಅತ್ತಿಗೆ ಮತ್ತೊಂದು. ಹೊರಬಂದ ಹೆಣ್ಣು ಕಣಜದ ಆಯುಷ್ಯ ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ ಇನ್ನೊಂದು ಮರದಲ್ಲಿ ಎಳೆಯ ಕಾಯಿ ಸಿಗದಿದ್ದರೆ ಕಣಜಕ್ಕೆ ಸಂತತಿಯಿಲ್ಲ, ಮರಕ್ಕೆ ಬೀಜವಿಲ್ಲ. ಆದಕಾರಣ ಈ ಮರಗಳೆಲ್ಲ ಒಟ್ಟಿಗೆ ಕಾಯಿ ಬಿಡುವುದಿಲ್ಲ. ಒಂದು ಮುಗಿಸುವಾಗ ಮತ್ತೊಂದು ಆರಂಭಿಸುತ್ತದೆ. ಬೇರೆ ಹಣ್ಣುಗಳಿಲ್ಲದ ತಿಂಗಳುಗಳಲ್ಲಿಯೂ ಕುಟ್ರುಹಕ್ಕಿ, ಮಂಗಟ್ಟೆ, ಬಾವಲಿ, ಅಳಿಲುಗಳಿಗೆ ಆಹಾರ ಒದಗುವುದು ಇದರಿಂದಲೇ. ಬೇವು, ಶ್ರೀಗಂಧಗಳ ಬೀಜವನ್ನು ಹೊಲದ ಬದುಗಳಿಗೆ ಕೂಲಿಯಿಲ್ಲದೆ ಒಯ್ಯುವವೂ ಹಕ್ಕಿ ಬಾವಲಿಗಳೇ.

ಊರಿಗೊಂದು ಆಲ ಉಳಿದರೆ ಸಾಕೆಂಬ ಭಾವನೆ ಆದ್ದರಿಂದ ಸರಿಯಲ್ಲ. ಕಣಜವು ಗಾಳಿಯಲ್ಲಿ ತೇಲಿ ಬಹುದೂರ ಹೋಗಬಲ್ಲುದಾದರೂ ಸುತ್ತಲ ಗ್ರಾಮಗಳಲ್ಲಿ ಅದೇ ಜಾತಿಯ ಹಲವು ಮರಗಳಿರಲೇಬೇಕು.

ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಹಾಗೂ ಪತಿ ಚಿಕ್ಕಯ್ಯನವರು ಬೆಳೆಸಿದ 385 ಆಲದ ಮರಗಳು ಸರ್ವವಿದಿತ. ಅಷ್ಟಾಗಿ ಗಮನಕ್ಕೆ ಬಾರದ್ದು ಅವರ ಕ್ರಮ. ಮೊದಲ ವರ್ಷ ನೆಟ್ಟದ್ದು 10, ಮರುವರ್ಷ 15, ಅದರ ಮುಂದಿನ ವರ್ಷ 20. ಕೊಡದಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ, ಕಾಯಲು ಸಾಧ್ಯವಾದಷ್ಟನ್ನೇ ನೆಟ್ಟರು. ಸಾವಿರ ಗುಂಡಿ ತೋಡಿಸಿ ಭಾವಚಿತ್ರ ತೆಗೆಸಿಕೊಳ್ಳುವುದಕ್ಕಿಂತ ಇದು ಮೇಲು. 2019ರಲ್ಲಿ ರಸ್ತೆ ಅಗಲೀಕರಣದಿಂದ ಆ ಸಾಲಿಗೂ ಕುತ್ತು ಒದಗಿತು. ತಿಮ್ಮಕ್ಕನವರೇ ಸರ್ಕಾರಕ್ಕೆ ಮೊರೆಯಿಟ್ಟ ಮೇಲೆ ಬದಲಿ ಮಾರ್ಗ ಅರಸುವಂತೆ ಸೂಚನೆ ಹೊರಟಿತು. ಅಂಥ ಹೆಸರಿಲ್ಲದ ಊರಿನ ಮರಗಳ ಪರವಾಗಿ ಮಾತನಾಡಬೇಕಾದವರು ಪಂಚಾಯಿತಿ ಸದಸ್ಯರೇ.

ಆಲ, ಗೋಣಿಗಳಿಗೆ ತೋಳುದಪ್ಪದ, ಆಳೆತ್ತರದ ಕೊಂಬೆಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟು, ಮೇಲ್ತುದಿಗೆ ಸಗಣಿ ಮೆತ್ತಿದರೆ ಸಾಕು. ಚಿಗುರು ಆಡು ಕುರಿಗಳ ಬಾಯಿಗೆ ಎಟುಕುವುದಿಲ್ಲ. ಕೆರೆ ಏರಿ, ಬಾವಿ, ಶಾಲೆಯ ಗೋಡೆ, ವಿದ್ಯುತ್ ತಂತಿಗಳ ಸಮೀಪ ಮಾತ್ರ ಇವು ಬೇಡ.

ನೆಡುವ ಮೊದಲು ಇರುವುದರ ಲೆಕ್ಕವಾಗಲಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಗ್ರಾಮದ ಹಳೆಯ ಆಲ, ಅತ್ತಿ, ಗೋಣಿ, ಬಸರಿಗಳನ್ನು ಸರ್ವೆ ನಂಬರ್ ಸಹಿತ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಲಿ. ಯಾವ ಮರ ಯಾವ ತಿಂಗಳು ಹಣ್ಣಾಗುತ್ತದೆಂಬುದೂ ಅದರಲ್ಲಿ ಸೇರಲಿ. ಸಸಿಗಳ ಬೇಡಿಕೆ ಪಟ್ಟಿ ಅನಂತರ ಸಿದ್ಧವಾಗಲಿ.