ಯೊಸೆಮಿಟಿ ಕಣಿವೆಯ ಸಮಾಧಿಗಳು



ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವನದಲ್ಲಿ, ಅಲ್ಲಿನ ವಸ್ತುಸಂಗ್ರಹಾಲಯದ ಸಮೀಪ, ಮರಗಳ ನೆರಳಿನಲ್ಲಿ ಒಂದು ಚಿಕ್ಕ ಸ್ಮಶಾನವಿದೆ. ಜನ ಅದನ್ನು 'ಪಯನಿಯರ್ ಸಿಮೆಟ್ರಿ', ಅಂದರೆ ಮೊದಲ ನೆಲೆಗಾರರ ಸ್ಮಶಾನವೆಂದು ಕರೆಯುತ್ತಾರೆ. ಅಲ್ಲಿ ಮೊದಲು ನೆಲೆಸಿದವರು ಯಾರೆಂಬುದೇ ಪ್ರಶ್ನೆ.

ಗೇಲನ್ ಕ್ಲಾರ್ಕ್‌ನ ಸಮಾಧಿ ಅಲ್ಲಿದೆ. ಶ್ವಾಸಕೋಶದ ಕಾಯಿಲೆಯಿಂದ ಬದುಕುವ ಆಸೆ ತೊರೆದು 1850ರ ದಶಕದಲ್ಲಿ ಬೆಟ್ಟ ಸೇರಿದ ಈತ, 1910ರಲ್ಲಿ, 96 ವರ್ಷ ತುಂಬಲು ಕೆಲವೇ ದಿನಗಳಿರುವಾಗ ತೀರಿಕೊಂಡ. ಬೆಟ್ಟದ ಗಾಳಿಯ ಗುಣವೋ ಏನೋ! 1864ರಲ್ಲಿ ಲಿಂಕನ್ ಅಂಕಿತ ಹಾಕಿದ ಕಾನೂನು ಈ ಕಣಿವೆಯನ್ನೂ ಮರಿಪೋಸಾದ ದೈತ್ಯವೃಕ್ಷಗಳ ತೋಪನ್ನೂ ಸಂರಕ್ಷಣೆಗಾಗಿ ರಾಜ್ಯಕ್ಕೆ ವಹಿಸಿದಾಗ, ಅದರ ಮೊದಲ ಪಾಲಕನಾದವನು ಕ್ಲಾರ್ಕ್. ತನ್ನ ಸಮಾಧಿಯ ಜಾಗವನ್ನು ಬದುಕಿರುವಾಗಲೇ ಆರಿಸಿ, ಸುತ್ತ ಸಿಕ್ವೋಯಾ ಸಸಿಗಳನ್ನು ನೆಟ್ಟಿದ್ದ.

ಅಲ್ಲಿಯೇ ಜೇಮ್ಸ್ ಲ್ಯಾಮನ್ ಮಲಗಿದ್ದಾನೆ. ಕಣಿವೆಯಲ್ಲಿ ಸೇಬಿನ ತೋಟ ಬೆಳೆಸಿ, ಹಿಮ ಸುರಿಯುವ ಚಳಿಗಾಲವನ್ನು ಒಬ್ಬನೇ ಕಳೆದವನು. ಹೋಟೆಲ್ ನಡೆಸುತ್ತಿದ್ದ ಜೇಮ್ಸ್ ಹಚಿಂಗ್ಸ್‌ನ ಸಮಾಧಿಯೂ ಇದೆ; ಹದಿನೇಳರ ಹರೆಯದಲ್ಲಿ, 1881ರಲ್ಲಿ ಮಡಿದ ಅವನ ಮಗಳು ಫ್ಲಾರೆನ್ಸಳದೂ ಇದೆ. ಇವರು ನೆಲೆಯೂರಿದ್ದ ಭೂಮಿಯ ಮೇಲಿನ ಹಕ್ಕನ್ನು ಹೊಸ ಕಾನೂನು ಮಾನ್ಯ ಮಾಡಲಿಲ್ಲ. ಹಚಿಂಗ್ಸ್ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತ. ಆದರೂ ರಾಜ್ಯ ಕೊನೆಗೆ ಇವರಿಗೆ ಪರಿಹಾರಧನ ಕೊಟ್ಟಿತು.

ಅದಕ್ಕೂ ಮೊದಲು ಒಕ್ಕಲೆದ್ದವರಿಗೆ ಪರಿಹಾರದ ಮಾತೇ ಬರಲಿಲ್ಲ. ಅಹ್ವಾನೀಚಿ ಜನ ತಲೆತಲಾಂತರದಿಂದ ಇದೇ ಕಣಿವೆಯಲ್ಲಿ ಬಾಳಿದವರು. 1851ರಲ್ಲಿ ಸಶಸ್ತ್ರ ಪಡೆಯೊಂದು ನುಗ್ಗಿ ಅವರ ಹಟ್ಟಿಗಳನ್ನೂ, ಚಳಿಗಾಲಕ್ಕೆಂದು ಕೂಡಿಟ್ಟ ಓಕ್ ಕಾಯಿಗಳ ದಾಸ್ತಾನನ್ನೂ ಸುಟ್ಟುಹಾಕಿತು. ಗುಡಿಸಲಿಗಿಂತ ಆ ಕಾಯಿಗಳ ನಷ್ಟವೇ ದೊಡ್ಡದು. ಹಿಮಗಾಲದಲ್ಲಿ ಅದೇ ಅವರ ಅನ್ನ. ಚದುರಿದವರಲ್ಲಿ ಹಲವರು ಮರಳಿ ಬಂದು, ತಮ್ಮದೇ ನೆಲದಲ್ಲಿ ಪ್ರವಾಸಿಗರ ಹೋಟೆಲುಗಳಲ್ಲಿ ಕೂಲಿಗಳಾದರು. ಅವರಲ್ಲಿ ಕೆಲವರನ್ನು ಇದೇ ಸ್ಮಶಾನದಲ್ಲಿ ಹೂಳಲಾಗಿದೆ. ಆದರೆ ಅದರ ಹೆಸರು ಮಾತ್ರ ತಡವಾಗಿ ಬಂದವರದು.

1890ರಲ್ಲಿ ರಾಷ್ಟ್ರೀಯ ಉದ್ಯಾನವನದ ಘೋಷಣೆಯಾಯಿತು; 1906ರಲ್ಲಿ ಕಣಿವೆಯೂ ಅದಕ್ಕೆ ಸೇರಿತು. ಸಮಾಧಿಗಳನ್ನು ಉದ್ಯಾನವನ ಜತನದಿಂದ ಕಾಯ್ದುಕೊಂಡಿತು. ಅದೇ ಕಣಿವೆಯಲ್ಲಿ ಮೂಲನಿವಾಸಿಗಳ ಕೊನೆಯ ಊರಿನ ಉಳಿದ ಮನೆಗಳು ಮಾತ್ರ 1969ರಲ್ಲಿ ನೆಲಸಮವಾದವು. 2018ರಲ್ಲಿ ಆ ಊರಿನ ಜಾಗವನ್ನು ಅವರ ವಂಶಜರು ತಮ್ಮ ಆಚರಣೆಗಳಿಗೆ ಬಳಸಿಕೊಳ್ಳಲು ಒಪ್ಪಂದವಾಯಿತು. ಅಲ್ಲಿ ಅವರು ಸೇರಬಹುದು, ಪೂಜೆ ಸಲ್ಲಿಸಬಹುದು. ಮೊದಲಿನಂತೆ ಒಲೆ ಹೂಡಿ ಸಂಸಾರ ಮಾಡುವಂತಿಲ್ಲ.